ಆಟಕ್ಕೂ ಉಂಟು, ಲೆಕ್ಕಕ್ಕೂ ಉಂಟು

ಸಂಜೆ ಐದರ ಮೇಲೆ ಮಂಗಳೂರಿನ ಕುದ್ರೋಳಿಯ ಓಣಿಗಳಲ್ಲಿ ನಡೆದು ಹೋಗುವವರಿಗೆ ಎರಡು ಬಗೆಯ ಬೊಬ್ಬೆ ಕೇಳಿಸುತ್ತದೆ. ಒಂದು ಆಡುವ ಮಕ್ಕಳದು, ಇನ್ನೊಂದು ಆ ಮಕ್ಕಳನ್ನು ಮನೆಗೆ ಕರೆಯುವ ಹಿರಿಯರದು. ಗೋಕರ್ಣನಾಥ ಕ್ಷೇತ್ರದ ಕಡೆಯಿಂದ ಅಳಕೆಯ ಕಡೆಗೆ ಬರುವಾಗ ಒಂದು ತುಂಡು ಖಾಲಿ ಜಾಗ ಸಿಕ್ಕಿದರೂ ಸಾಕು, ಅಲ್ಲಿ ಚಪ್ಪಲಿಯಲ್ಲಿ ಗೀಟು ಎಳೆದು ಏಳೆಂಟು ಹುಡುಗರು ಕೈ ಕೈ ಹಿಡಿದು ನಿಂತಿರುತ್ತಾರೆ. ಮನೆಯ ಜಗಲಿಯಿಂದ ಅಪ್ಪನ ದನಿ ಬರುತ್ತದೆ: "ಸಾಕು ಮಾರಾಯ, ಒಳಗೆ ಬಾ. ನಾಳೆ ಪರೀಕ್ಷೆ ಉಂಟು. ಆಟ ಎಂತ, ಅನ್ನ ಹಾಕುತ್ತದಾ?"

ಮಗ ಉತ್ತರ ಕೊಡುವುದಿಲ್ಲ. ಮಣ್ಣು ಕೊಡವಿಕೊಂಡು ಒಳಗೆ ಹೋಗುತ್ತಾನೆ. ಪ್ರಶ್ನೆ ಮಾತ್ರ ಅಂಗಳದಲ್ಲೇ ಉಳಿಯುತ್ತದೆ.

ಪ್ರಶ್ನೆ ಹಳೆಯದು, ಅದನ್ನು ಕೇಳುವ ಅಪ್ಪನ ಕಳವಳ ಸುಳ್ಳಲ್ಲ. ಕರಾವಳಿಯಲ್ಲಿ ಕಬಡ್ಡಿಗೆ ಎಂದೂ ಬರಗಾಲ ಬಂದದ್ದಿಲ್ಲ. ಮಳೆ ಬಿಟ್ಟು ಗದ್ದೆ ಒಣಗಿತೆಂದರೆ ಊರೂರಲ್ಲಿ ಹೊನಲು ಬೆಳಕಿನ ಪಂದ್ಯಾಟಗಳು ಶುರುವಾಗುತ್ತವೆ. ಬ್ಯಾನರ್ ಏರುತ್ತದೆ, ಧ್ವನಿವರ್ಧಕದಲ್ಲಿ ವೀಕ್ಷಕ ವಿವರಣೆ ಕೇಳುತ್ತದೆ, ನಸುಕಿನ ವರೆಗೆ ಪಂದ್ಯ ನಡೆಯುತ್ತದೆ. ಗೆದ್ದ ತಂಡಕ್ಕೆ ನಗದು ಮತ್ತು ಟ್ರೋಫಿ, ಉತ್ತಮ ದಾಳಿಗಾರ, ಉತ್ತಮ ಹಿಡಿತಗಾರ, ಸವ್ಯಸಾಚಿ ಆಟಗಾರ ಎಂದು ಮೂವರಿಗೆ ಪ್ರತ್ಯೇಕ ಬಹುಮಾನ. ಆದರೆ ಬೆಳಗಾದ ಮೇಲೆ ಆ ನಗದನ್ನು ಹತ್ತು ಮಂದಿ ಹಂಚಿಕೊಂಡರೆ ಉಳಿಯುವುದು ಬಸ್ಸಿನ ಖರ್ಚು ಮತ್ತು ಒಂದು ಚಾ ತಿಂಡಿಯ ಹಣ. ಟ್ರೋಫಿ ಶೋಕೇಸಿಗೆ ಹೋಗುತ್ತದೆ, ನೋವಿನ ಮುಲಾಮು ಮೊಣಕಾಲಿಗೆ ಹೋಗುತ್ತದೆ. ಇದನ್ನು ಕಣ್ಣಾರೆ ಕಂಡ ತಂದೆ, "ಆಟಕ್ಕುಂಟು, ಲೆಕ್ಕಕ್ಕಿಲ್ಲ" ಎಂದರೆ ತಪ್ಪೇನು?

ಲೆಕ್ಕಕ್ಕೆ ಬಂದ ಕಬಡ್ಡಿ ಎಂಬುದು ಈ ದೇಶದಲ್ಲಿ ಶುರುವಾದದ್ದು 2014ರಲ್ಲಿ. ಆ ಮೊದಲ ಋತುವಿನಲ್ಲಿ ಕರ್ನಾಟಕದ ಹೆಸರು ಹೊತ್ತ ಒಂದು ತಂಡವೂ ಇತ್ತು. ಆ ತಂಡದ ಕಥೆಯನ್ನು ವಿದ್ಯಾರ್ಥಿಗಳೂ ಪಾಲಕರೂ ಒಟ್ಟಿಗೆ ಕೂತು ಓದುವುದು ಒಳ್ಳೆಯದು. ಅದರಲ್ಲಿ ಮಗನ ಆಸೆಗೂ ಜಾಗ ಉಂಟು, ಅಪ್ಪನ ಲೆಕ್ಕಕ್ಕೂ ಜಾಗ ಉಂಟು.

ಮೇಳದ ತಿರುಗಾಟದ ಹಾಗೆ

2014ರ ಮೇ 20ರಂದು ಮುಂಬಯಿಯಲ್ಲಿ ಕಬಡ್ಡಿ ಆಟಗಾರರ ಹರಾಜು ನಡೆಯಿತು. ಕಬಡ್ಡಿ ಆಡುವವರಿಗೂ ಹರಾಜೇ ಎಂದು ಅಂದು ನಕ್ಕವರಿದ್ದರು. ಎಂಟು ತಂಡಗಳು: ಬೆಂಗಳೂರು ಬುಲ್ಸ್, ಯು ಮುಂಬಾ, ಜೈಪುರ ಪಿಂಕ್ ಪ್ಯಾಂಥರ್ಸ್, ಪಟ್ನಾ ಪೈರೇಟ್ಸ್, ಪುಣೇರಿ ಪಲ್ಟನ್, ತೆಲುಗು ಟೈಟನ್ಸ್, ದಬಂಗ್ ದೆಲ್ಲಿ, ಬೆಂಗಾಲ್ ವಾರಿಯರ್ಸ್. ಅಂದಿನ ಅತಿ ಹೆಚ್ಚಿನ ಬೆಲೆ ಬಂದದ್ದು ಭಾರತ ತಂಡದ ಹಿರಿಯ ಆಟಗಾರ ರಾಕೇಶ್ ಕುಮಾರ್‌ಗೆ. ಪಟ್ನಾ ತಂಡ ಅವರಿಗೆ ಕೊಟ್ಟದ್ದು 12.80 ಲಕ್ಷ ರೂಪಾಯಿ. ಕ್ರಿಕೆಟಿನಲ್ಲಿ ಕೋಟಿಗಳ ಮಾತು ಕೇಳಿ ಕೇಳಿ ದಣಿದ ಕಿವಿಗೆ ಅದು ಚಿಲ್ಲರೆಯಂತೆ ಕೇಳಿಸಿರಬಹುದು. ಆದರೆ ಗದ್ದೆಯಲ್ಲಿ ಮೊಣಕಾಲು ತರಚಿಕೊಂಡು ಬೆಳೆದ ಆಟಕ್ಕೆ ಅದು ಕನಸಿನ ಮೊತ್ತ.

ಆನಂದ್ ಮಹೀಂದ್ರ ಮತ್ತು ಚಾರು ಶರ್ಮ ಅವರು ಕಟ್ಟಿದ ಮಶಾಲ್ ಸ್ಪೋರ್ಟ್ಸ್ ಎಂಬ ಸಂಸ್ಥೆ ಈ ಲೀಗಿನ ಹಿಂದೆ ಇತ್ತು. ಲೀಗಿನ ಏರ್ಪಾಡು ಕರಾವಳಿಯವರಿಗೆ ಸುಲಭವಾಗಿ ಅರ್ಥವಾಗುವಂಥದು. ಯಕ್ಷಗಾನ ಮೇಳಗಳು ಮಳೆಗಾಲ ಕಳೆದ ಮೇಲೆ ಗೆಜ್ಜೆ ಕಟ್ಟಿ ಹೊರಟು, ಊರಿಂದ ಊರಿಗೆ ಬಿಡಾರ ಸಾಗಿಸುತ್ತ, ಪತ್ತನಾಜೆಗೆ ಗೆಜ್ಜೆ ಬಿಚ್ಚುವುದಿಲ್ಲವೇ? ಅದನ್ನು ನಮ್ಮವರು ತಿರುಗಾಟ ಎನ್ನುತ್ತಾರೆ. ಕಲಾವಿದನ ಸಂಬಳದ ಮಾತುಕತೆ ಆಗುವುದೂ ತಿರುಗಾಟದ ಲೆಕ್ಕದಲ್ಲಿ. ಕಬಡ್ಡಿ ಲೀಗ್ ಕೂಡ ಹಾಗೆಯೇ ಹೊರಟಿತು. ಎಲ್ಲ ತಂಡಗಳೂ ಒಟ್ಟಿಗೆ ಒಂದು ಊರಿಗೆ ಹೋಗುವುದು, ಅಲ್ಲಿ ಕೆಲವು ದಿನ ಆಡುವುದು, ಮ್ಯಾಟು ಸುತ್ತಿ ಮುಂದಿನ ಊರಿಗೆ ಹೊರಡುವುದು. ವ್ಯತ್ಯಾಸವೆಂದರೆ ಮೇಳದ ತಿರುಗಾಟ ಆರು ತಿಂಗಳಿನದು, ಇವರ ಮೊದಲ ತಿರುಗಾಟ ಐದೇ ವಾರದ್ದು: ಜುಲೈ 26ರಿಂದ ಆಗಸ್ಟ್ 31ರ ವರೆಗೆ, ಒಟ್ಟು 60 ಪಂದ್ಯ.

ಆಟದ ಮೂಲ ಹಳೆಯದೇ. ಮಹಾರಾಷ್ಟ್ರದಲ್ಲಿ ಹುತುತು, ತಮಿಳುನಾಡಿನಲ್ಲಿ ಚಡುಗುಡು ಎಂದು ಕರೆಸಿಕೊಂಡ ಆಟ ಇದೇ. ಎರಡು ಕಡೆ ಏಳೇಳು ಮಂದಿ. ಪುರುಷರಿಗೆ 13 ಮೀಟರ್ ಉದ್ದ, 10 ಮೀಟರ್ ಅಗಲದ ಅಂಕಣ. ಒಬ್ಬ ದಾಳಿಗಾರ "ಕಬಡ್ಡಿ ಕಬಡ್ಡಿ" ಎನ್ನುತ್ತ ಎದುರಾಳಿಗಳ ಅಂಕಣಕ್ಕೆ ಹೋಗಿ ಮುಟ್ಟಿ ಬರಬೇಕು, ಉಳಿದವರು ಹಿಡಿಯಬೇಕು. ಲೀಗ್ ಮಾಡಿದ ದೊಡ್ಡ ಬದಲಾವಣೆ ಎಂದರೆ ಈ ಉಸಿರಿಗೆ ಎಲ್ಲರಿಗೂ ಕಾಣುವ ಗಡಿಯಾರ ಕಟ್ಟಿದ್ದು. ಒಂದು ದಾಳಿಗೆ 30 ಸೆಕೆಂಡು. ಸತತ ಎರಡು ದಾಳಿಗಳಲ್ಲಿ ಅಂಕ ಬರದೆ ಹೋದರೆ ಮೂರನೆಯದು "ಮಾಡು ಇಲ್ಲವೇ ಮಡಿ". ಅಂಕ ತರದೆ ಬಂದರೆ ದಾಳಿಗಾರನೇ ಔಟ್. ಅಂಕಣದಲ್ಲಿ ಮೂವರೋ ಅದಕ್ಕಿಂತ ಕಡಿಮೆಯೋ ಉಳಿದಿರುವಾಗ ದಾಳಿಗಾರನನ್ನು ಹಿಡಿದರೆ ಒಂದು ಅಂಕ ಹೆಚ್ಚು. ಹೀಗಾಗಿ ಸುಮ್ಮನೆ ಹೋಗಿ ಸುಮ್ಮನೆ ಬರುವ ಆಟ ನಿಂತಿತು. ಸೋಲುತ್ತಿರುವ ತಂಡಕ್ಕೂ ಕೊನೆಯ ನಿಮಿಷದ ವರೆಗೆ ಆಸೆ ಉಳಿಯಿತು. ಟಿ.ವಿ. ಮುಂದೆ ಕೂತವರು ಏಳಲಿಲ್ಲ. ಆ ಮೊದಲ ಋತುವನ್ನು ಟಿ.ವಿ.ಯಲ್ಲಿ ನೋಡಿದವರ ಸಂಖ್ಯೆ 43.5 ಕೋಟಿ ಎಂಬ ಲೆಕ್ಕ ಪ್ರಕಟವಾಯಿತು.

ಹದಿನಾಲ್ಕು ಪಂದ್ಯದ ಬೆಂಗಳೂರು

ಬೆಂಗಳೂರು ಬುಲ್ಸ್ ತಂಡದ ತರಬೇತುದಾರ ರಣಧೀರ್ ಸಿಂಗ್. ನಾಯಕ ಮಂಜೀತ್ ಚಿಲ್ಲರ್. ಮುಖ್ಯ ದಾಳಿಗಾರ ಹಿಮಾಚಲ ಪ್ರದೇಶದ ಅಜಯ್ ಠಾಕೂರ್. ಮಂಜೀತ್ ಅವರದು ದೆಹಲಿಯ ನಿಜಾಂಪುರ ಎಂಬ ಹಳ್ಳಿ. ಹರಾಜಿನ ಅತಿ ದುಬಾರಿ ಆಟಗಾರ ರಾಕೇಶ್ ಕುಮಾರ್ ಕೂಡ ಅದೇ ಹಳ್ಳಿಯವರು! ಒಂದು ಹಳ್ಳಿ ಮನಸ್ಸು ಮಾಡಿದರೆ ಏನಾದೀತು ಎಂಬುದಕ್ಕೆ ಇದಕ್ಕಿಂತ ಬೇರೆ ಉದಾಹರಣೆ ಬೇಡ.

ಬುಲ್ಸ್ ತಂಡದ ತವರು ಅಂಕಣ ಬೆಂಗಳೂರಿನ ಕಂಠೀರವ ಒಳಾಂಗಣ ಕ್ರೀಡಾಂಗಣ. ಲೀಗ್ ಹಂತದಲ್ಲಿ ಪ್ರತಿ ತಂಡಕ್ಕೆ 14 ಪಂದ್ಯ. ಐದು ವಾರದಲ್ಲಿ ಹದಿನಾಲ್ಕು ಪಂದ್ಯ ಎಂದರೆ ಎಷ್ಟು ಎಂಬುದು ಆಡಿದವರಿಗೆ ಮಾತ್ರ ಗೊತ್ತು. ಒಂದು ಊರಲ್ಲಿ ಪಕ್ಕೆಗೆ ಬಿದ್ದ ಪೆಟ್ಟು ಮಾಯುವ ಮೊದಲೇ ಮುಂದಿನ ಊರಿನ ವಿಮಾನ ಏರಬೇಕು. ಗದ್ದೆಯ ಮಣ್ಣಿನಲ್ಲಿ ಬರಿಗಾಲಲ್ಲಿ ಆಡಿದ ಕಾಲಿಗೆ ಮ್ಯಾಟಿನ ಮೇಲೆ ಬೂಟು ಬೇಕು. ಮಣ್ಣಿನಲ್ಲಿ ಜಾರಿದರೆ ದೇಹವೂ ಜಾರುತ್ತದೆ, ಮ್ಯಾಟಿನಲ್ಲಿ ಪಾದ ಕಚ್ಚಿ ನಿಲ್ಲುತ್ತದೆ, ತಿರುಗುವುದು ಮೊಣಕಾಲು. ಎರಡರ ಆಟವೇ ಬೇರೆ. ಕರಾವಳಿಯ ಪಂದ್ಯಾಟಗಳ ಬ್ಯಾನರುಗಳಲ್ಲಿ "ಮ್ಯಾಟ್ ಕಬಡ್ಡಿ" ಎಂದು ವಿಶೇಷವಾಗಿ ಬರೆಯುವುದು ಈ ಕಾರಣದಿಂದಲೇ.

ಬುಲ್ಸ್ ಮೂರನೆಯ ಸ್ಥಾನದಲ್ಲಿ ಲೀಗ್ ಮುಗಿಸಿ ಸೆಮಿಫೈನಲ್ ತಲುಪಿತು. ಅಲ್ಲಿ ಎದುರಾದದ್ದು ಅನೂಪ್ ಕುಮಾರ್ ನಾಯಕತ್ವದ ಯು ಮುಂಬಾ. ಅನೂಪ್ ಅವರದು ಗಡಿಬಿಡಿಯಿಲ್ಲದ ಆಟ. ಎದುರಾಳಿ ತಪ್ಪು ಮಾಡುವ ವರೆಗೆ ಗೆರೆಯ ಬಳಿ ನಿಂತು ನಗುತ್ತಿದ್ದರು. ಪಂದ್ಯ 27-23ರಲ್ಲಿ ಮುಂಬಯಿಯ ಪಾಲಾಯಿತು. ನಾಲ್ಕೇ ಅಂಕದ ಅಂತರ, ಎಂದರೆ ಎರಡು ಒಳ್ಳೆಯ ಹಿಡಿತ, ಒಂದು ಒಳ್ಳೆಯ ದಾಳಿ. ಮೂರನೆಯ ಸ್ಥಾನಕ್ಕಾಗಿ ನಡೆದ ಪಂದ್ಯದಲ್ಲೂ ಬೆಂಗಳೂರು ಪಟ್ನಾಕ್ಕೆ ಸೋತಿತು. ಆಗಸ್ಟ್ 31ರ ಫೈನಲ್‌ನಲ್ಲಿ ಜೈಪುರ ತಂಡ ಯು ಮುಂಬಾವನ್ನು 35-24ರಿಂದ ಸೋಲಿಸಿ ಮೊದಲ ಕಪ್ ಎತ್ತಿತು. ಬುಲ್ಸ್ ನಾಲ್ಕನೆಯ ತಂಡವಾಗಿ, ಕಪ್ಪಿಲ್ಲದೆ ಊರಿಗೆ ಮರಳಿತು.

ಮರುವರ್ಷ 2015ರಲ್ಲಿ ಅದೇ ತಂಡ ಫೈನಲ್ ತಲುಪಿ ಯು ಮುಂಬಾಕ್ಕೆ 36-30ರಿಂದ ಸೋತಿತು. ಆಮೇಲಿನ ಕೆಲವು ಋತುಗಳಲ್ಲಿ ಹೆಸರೇ ಹಿಂದೆ ಬಿತ್ತು. ಕಪ್ಪು ಕೈಗೆ ಬಂದದ್ದು ಆರನೆಯ ಋತುವಿನಲ್ಲಿ, 2019ರ ಜನವರಿ 5ರಂದು. ಮುಂಬಯಿಯಲ್ಲಿ ಗುಜರಾತ್ ತಂಡದ ವಿರುದ್ಧ 38-33. ಪವನ್ ಸೆಹ್ರಾವತ್ ಒಬ್ಬರೇ ತಂದ ಅಂಕ 22. ತರಬೇತುದಾರ ಆಗಲೂ ಅದೇ ರಣಧೀರ್ ಸಿಂಗ್. ಸೋತ ವರ್ಷಗಳಲ್ಲಿ ತಂಡವನ್ನು ಮುಚ್ಚಿ ಮನೆಗೆ ಹೋಗಿದ್ದರೆ ಈ 22 ಅಂಕ ಬರುತ್ತಿರಲಿಲ್ಲ.

ಇಲ್ಲಿಗೆ ಕಥೆ ಮುಗಿಯಿತು ಎಂದುಕೊಂಡರೆ ಅಪ್ಪನ ಪ್ರಶ್ನೆಗೆ ಉತ್ತರ ಸಿಕ್ಕಂತಾಗುವುದಿಲ್ಲ. ಅದಕ್ಕೆ ಇನ್ನೊಂದು ತಂಡದ ಲೆಕ್ಕಪುಸ್ತಕ ತೆರೆಯಬೇಕು. ಆ ಪುಸ್ತಕ ಸಮುದ್ರದಾಚೆಯದು, ಒಂದೂವರೆ ಶತಮಾನ ಹಳೆಯದು.

ಸೋಲದ ತಂಡ, ಉಳಿಯದ ಹಣ

ಅಮೆರಿಕದಲ್ಲಿ ಬೇಸ್‌ಬಾಲ್ ಶುರುವಾದದ್ದು ಬಿಡುವಿನ ಹೊತ್ತಿನ ಆಟವಾಗಿ. ಹಣಕ್ಕಾಗಿ ಆಡುವುದು ಮರ್ಯಾದಸ್ಥರ ಲಕ್ಷಣವಲ್ಲ ಎಂಬ ಭಾವನೆ ಅಲ್ಲಿಯೂ ಇತ್ತು. ಮೇಳಕ್ಕೆ ಸೇರಿದ ಹುಡುಗನ ಬಗ್ಗೆ ನಮ್ಮ ಹಿರಿಯರು ಆಡುತ್ತಿದ್ದ ಮಾತಿನ ಹಾಗೆಯೇ. ಒಳಗೊಳಗೇ ಹಣ ಕೊಡುವ ಪದ್ಧತಿ ಮಾತ್ರ ನಡೆದೇ ಇತ್ತು. ಕೊನೆಗೆ 1869ರಲ್ಲಿ ಆಟಗಾರರ ಸಂಘವು ಸಂಬಳದ ಆಟಗಾರರಿಗೆ ಬಹಿರಂಗವಾಗಿ ಒಪ್ಪಿಗೆ ಕೊಟ್ಟಿತು. ಆ ವರ್ಷ ಸಿನ್ಸಿನಾಟಿ ನಗರದ ರೆಡ್ ಸ್ಟಾಕಿಂಗ್ಸ್ ತಂಡ ಹತ್ತೂ ಮಂದಿ ಆಟಗಾರರನ್ನು ಸಂಬಳಕ್ಕೆ ಇಟ್ಟುಕೊಂಡು ಹೊರಟಿತು. ಇಡೀ ತಂಡವೇ ಸಂಬಳದ್ದು ಎಂದು ಮುಚ್ಚುಮರೆ ಇಲ್ಲದೆ ಹೇಳಿಕೊಂಡ ಮೊದಲ ಬೇಸ್‌ಬಾಲ್ ತಂಡ ಅದು.

ತಂಡವನ್ನು ಕಟ್ಟಿದವರು ಹ್ಯಾರಿ ರೈಟ್. ಇವರು ಹುಟ್ಟಿದ್ದು ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ, 1835ರಲ್ಲಿ. ತಂದೆ ಕ್ರಿಕೆಟ್ ಆಟಗಾರ, ನ್ಯೂಯಾರ್ಕಿನ ಕ್ರಿಕೆಟ್ ಕ್ಲಬ್ಬೊಂದರ ಸಂಬಳದ ನೌಕರ. ಹ್ಯಾರಿ ಕೂಡ ಸಿನ್ಸಿನಾಟಿಗೆ ಬಂದದ್ದು ಕ್ರಿಕೆಟ್ ಕಲಿಸಲೆಂದೇ. ಆಟವೂ ಒಂದು ಕಸುಬು ಎಂಬುದು ಅವರಿಗೆ ಮನೆಯಲ್ಲೇ ಗೊತ್ತಿತ್ತು. ಅವರ ಸಂಬಳ ವರ್ಷಕ್ಕೆ 1,200 ಡಾಲರ್. ತಮ್ಮ ಜಾರ್ಜ್ ತಂಡದಲ್ಲೇ ಶ್ರೇಷ್ಠ ಆಟಗಾರ, ಆತನಿಗೆ 1,400. ಹೆಚ್ಚಿನವರಿಗೆ 800. ಬದಲಿ ಆಟಗಾರನಿಗೆ 600. ಮಾರ್ಚ್ ಮಧ್ಯದಿಂದ ನವೆಂಬರ್ ಮಧ್ಯದ ವರೆಗೆ ಎಂಟು ತಿಂಗಳ ಕರಾರು. ಅಣ್ಣ ನಾಯಕನಾಗಿದ್ದರೂ ತಮ್ಮನಿಗೆ ಹೆಚ್ಚು ಕೊಟ್ಟದ್ದನ್ನು ಗಮನಿಸಬೇಕು. ಕಸುಬಿನಲ್ಲಿ ನೋಡಬೇಕಾದದ್ದು ಕೈಯ ಗುಣವನ್ನು, ವಯಸ್ಸನ್ನಲ್ಲ ಎಂಬುದು ಅಲ್ಲಿ ಆಗಲೇ ತೀರ್ಮಾನವಾಗಿತ್ತು.

ಆ ಋತುವಿನಲ್ಲಿ ತಂಡ ಆಡಿದ ಅಧಿಕೃತ ಪಂದ್ಯಗಳು 57. ಸೋಲು ಸೊನ್ನೆ. ಮೇ 4ರಂದು ತವರಿನ ಇನ್ನೊಂದು ತಂಡವನ್ನು 45-9ರಿಂದ ಸೋಲಿಸಿ ಆರಂಭ. ಜೂನ್‌ನಲ್ಲಿ ಪೂರ್ವದ ದೊಡ್ಡ ನಗರಗಳಿಗೆ ಹೋಗಿ ಅಲ್ಲಿನ ಹೆಸರಾಂತ ತಂಡಗಳನ್ನು ಮಣಿಸಿದರು. ವಾಷಿಂಗ್ಟನ್‌ನಲ್ಲಿ ಅಧ್ಯಕ್ಷ ಗ್ರಾಂಟ್ ಇವರನ್ನು ಬರಮಾಡಿಕೊಂಡರು. ಆಗಸ್ಟ್ 26ರಂದು ಟ್ರಾಯ್ ಊರಿನ ತಂಡದೊಂದಿಗೆ 17-17 ಆಗಿದ್ದಾಗ ಎದುರಾಳಿಗಳು ಜಗಳ ತೆಗೆದು ಮೈದಾನ ಬಿಟ್ಟರು. ಅಂಪೈರ್ ಪಂದ್ಯವನ್ನು ಸಿನ್ಸಿನಾಟಿಗೆ ಕೊಟ್ಟರು. ಆ ಪಂದ್ಯದ ಮೇಲೆ ದೊಡ್ಡ ಜೂಜು ಕಟ್ಟಿದ್ದರೆಂಬ ಮಾತು ಅಂದೇ ಹಬ್ಬಿತ್ತು. ಆಟಕ್ಕೆ ಹಣ ಬಂದ ದಿನವೇ ಅದರ ಹಿಂದೆ ಬರುವ ನೆರಳೂ ಬಂದಿತ್ತು.

ಅದೇ ವರ್ಷ ಮೇ 10ರಂದು ಅಮೆರಿಕದ ಪೂರ್ವ-ಪಶ್ಚಿಮಗಳನ್ನು ಕೂಡಿಸುವ ರೈಲುದಾರಿ ಪೂರ್ಣಗೊಂಡಿತ್ತು. ಕೆಲವೇ ತಿಂಗಳುಗಳಲ್ಲಿ ರೆಡ್ ಸ್ಟಾಕಿಂಗ್ಸ್ ಅದೇ ದಾರಿಯಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ವರೆಗೆ ಹೋಗಿ ಆಡಿ ಬಂದಿತು. ಒಟ್ಟು ಸುತ್ತಾಟ ಸುಮಾರು 12,000 ಮೈಲಿ. ನೋಡಿದವರು ಸುಮಾರು ಎರಡು ಲಕ್ಷ. ಕೈಗವಸು ಎಂಬುದು ಇನ್ನೂ ಬಳಕೆಗೆ ಬಾರದ ಕಾಲ. ಬಿರುಸಿನ ಚೆಂಡನ್ನು ಬರಿಗೈಯಲ್ಲೇ ಹಿಡಿಯಬೇಕಿತ್ತು.

ಋತು ಮುಗಿದ ಮೇಲೆ ಲೆಕ್ಕ ಹಾಕಿದರು. ಬಂದ ಹಣ 29,726 ಡಾಲರ್ 26 ಸೆಂಟ್. ಸಂಬಳ, ರೈಲು, ಊಟ, ವಸತಿ ಎಲ್ಲ ಕಳೆದು ಖರ್ಚು 29,724 ಡಾಲರ್ 87 ಸೆಂಟ್. ಉಳಿದದ್ದು ಒಂದು ಡಾಲರ್ 39 ಸೆಂಟ್.

ಒಂದೂ ಪಂದ್ಯ ಸೋಲದ ತಂಡಕ್ಕೆ ಉಳಿದ ಲಾಭ ಅಷ್ಟೇ. ಮುಂದಿನ ವರ್ಷ 1870ರ ಜೂನ್ 14ರಂದು ಬ್ರೂಕ್ಲಿನ್‌ನಲ್ಲಿ 8-7ರಿಂದ ಮೊದಲ ಸೋಲು ಬಂತು. ಸೋಲು ಬಂದ ಮೇಲೆ ಜನ ಕಡಿಮೆಯಾದರು. ವರ್ಷದ ಕೊನೆಗೆ ಕ್ಲಬ್ಬಿನವರು, ಇನ್ನು ಮುಂದೆ ಸಂಬಳದ ತಂಡ ಇಡುವುದು ನಮ್ಮಿಂದಾಗದು ಎಂದು ನಿಲ್ಲಿಸಿಬಿಟ್ಟರು. ಹ್ಯಾರಿ ರೈಟ್ ತಮ್ಮನನ್ನೂ ತಂಡದ ಹೆಸರನ್ನೂ ಕಟ್ಟಿಕೊಂಡು ಬೋಸ್ಟನ್‌ಗೆ ಹೋದರು.

ಹಾಗಾದರೆ ಉಳಿದವರ ಗತಿ? ಇಲ್ಲಿ ಪಾಲಕರು ಸ್ವಲ್ಪ ನಿಲ್ಲಬೇಕು. ಆ ಹತ್ತು ಮಂದಿಗೂ ಆಟವೊಂದೇ ಗತಿಯಾಗಿರಲಿಲ್ಲ. ಹ್ಯಾರಿ ಒಡವೆ ಕೆಲಸ ಬಲ್ಲವರು. ಜಾರ್ಜ್ ಲೋಹದ ಮೇಲೆ ಕೆತ್ತುವವರು. ಇಬ್ಬರು ವಿಮೆ ಕೆಲಸದವರು, ಒಬ್ಬರು ಲೆಕ್ಕ ಬರೆಯುವವರು, ಒಬ್ಬರು ಅಮೃತಶಿಲೆ ಕಡೆಯುವವರು, ಒಬ್ಬರು ಪಿಯಾನೋ ಮಾಡುವವರು, ಇಬ್ಬರು ಟೊಪ್ಪಿ ಹೊಲಿಯುವವರು. ಕೈಯಲ್ಲಿ ಒಂದು ಕಸುಬು ಇಟ್ಟುಕೊಂಡೇ ಇನ್ನೊಂದು ಕಸುಬಿಗೆ ಇಳಿದಿದ್ದರು. ಜಾರ್ಜ್ ರೈಟ್ ಅಂತೂ ಮುಂದೆ ಬೋಸ್ಟನ್‌ನಲ್ಲಿ ಆಟದ ಸಾಮಾನಿನ ಅಂಗಡಿ ತೆರೆದು ದೊಡ್ಡ ವ್ಯಾಪಾರಿಯೇ ಆದರು.

ರಜೆ ಹಾಕಿ ಆಡಿದವರು

2014ರ ನಮ್ಮ ಕಬಡ್ಡಿ ತಂಡಗಳನ್ನು ಈಗ ಮತ್ತೊಮ್ಮೆ ನೋಡಿದರೆ ಅದೇ ಚಿತ್ರ ಕಾಣುತ್ತದೆ. ರಾಕೇಶ್ ಕುಮಾರ್ ರೈಲ್ವೆಯ ನೌಕರ. ಅನೂಪ್ ಕುಮಾರ್ ಹರಿಯಾಣ ಪೊಲೀಸಿನವರು. ಅಜಯ್ ಠಾಕೂರ್ ಮುಂದೆ ಹಿಮಾಚಲ ಪ್ರದೇಶ ಪೊಲೀಸಿನಲ್ಲಿ ಡಿವೈಎಸ್ಪಿ ಆದರು. ಹರಾಜಿನ ಹಣ ಹಬ್ಬದೂಟ, ನೌಕರಿಯ ಸಂಬಳ ದಿನದ ಗಂಜಿ. ಹಬ್ಬದೂಟ ಐದು ವಾರಕ್ಕೆ ಮುಗಿಯುತ್ತದೆ, ಗಂಜಿ ವರ್ಷವಿಡೀ ಬೇಕು.

ಹೀಗೆ ಗಂಜಿ ಹಾಕುವ ಮನೆಗಳು ಈ ಕರಾವಳಿಯಲ್ಲೇ ಇದ್ದವು. 1931ರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ವಿಜಯಾ ಬ್ಯಾಂಕಿಗೆ ಒಳ್ಳೆಯ ಕಬಡ್ಡಿ ತಂಡವಿತ್ತು. ಬ್ಯಾಂಕಿನ ಪರವಾಗಿ ಆಡಿದ ಹುಡುಗ ಮಂಡಿ ಸವೆದ ಮೇಲೆ ಕೌಂಟರಿನಲ್ಲಿ ಕೂತು ನಿವೃತ್ತಿಯ ವರೆಗೆ ಸಂಬಳ ಎಣಿಸಬಹುದಿತ್ತು. 2019ರ ಏಪ್ರಿಲ್ 1ರಂದು ವಿಜಯಾ ಬ್ಯಾಂಕ್ ಬ್ಯಾಂಕ್ ಆಫ್ ಬರೋಡದಲ್ಲಿ ವಿಲೀನವಾಯಿತು. ಮರುವರ್ಷ ಅದೇ ದಿನ ಉಡುಪಿಯಲ್ಲಿ ಹುಟ್ಟಿದ ಕಾರ್ಪೊರೇಷನ್ ಬ್ಯಾಂಕ್ ಮತ್ತು ಸಿಂಡಿಕೇಟ್ ಬ್ಯಾಂಕುಗಳೂ ಬೇರೆ ಬ್ಯಾಂಕುಗಳಲ್ಲಿ ಸೇರಿಹೋದವು. ಬ್ಯಾಂಕಿನ ಹೆಸರು ಹೋದಾಗ ಅದರ ಅಂಗಿ ತೊಟ್ಟು ಆಡುವ ಅವಕಾಶವೂ ಹೋಗುತ್ತದೆ. ಆಟಗಾರನ ಮನೆಯ ಮಟ್ಟಿಗೆ ವಿಲೀನ ಎಂಬುದು ಕೇವಲ ಪಾಸ್‌ಬುಕ್ಕಿನ ಬದಲಾವಣೆ ಅಲ್ಲ.

ಒಂದು ಕಡೆ ಗಂಜಿಯ ಮನೆಗಳು ಕಡಿಮೆಯಾದವು, ಇನ್ನೊಂದು ಕಡೆ ಹಬ್ಬದೂಟ ದೊಡ್ಡದಾಯಿತು. 2014ರಲ್ಲಿ ಅತಿ ಹೆಚ್ಚಿನ ಬೆಲೆ 12.80 ಲಕ್ಷ. 2023ರ ಹರಾಜಿನಲ್ಲಿ ತೆಲುಗು ಟೈಟನ್ಸ್ ತಂಡ ಪವನ್ ಸೆಹ್ರಾವತ್‌ಗೆ ಕೊಟ್ಟದ್ದು 2.60 ಕೋಟಿಗಿಂತ ಹೆಚ್ಚು. ಒಂಬತ್ತು ವರ್ಷದಲ್ಲಿ ಇಪ್ಪತ್ತು ಪಟ್ಟು! ಮಕ್ಕಳ ಕಣ್ಣು ಅರಳುವುದು ಈ ಅಂಕಿ ನೋಡಿಯೇ.

ಆದರೆ ಅದೇ ಪವನ್ ಅವರ ಹಿಂದಿನ ವರ್ಷವನ್ನೂ ನೋಡಬೇಕು. 2022ರಲ್ಲಿ ತಮಿಳ್ ತಲೈವಾಸ್ ತಂಡ ಅವರನ್ನು 2.26 ಕೋಟಿಗೆ ಕೊಂಡಿತ್ತು. ಋತುವಿನ ತಮ್ಮ ಮೊದಲ ಪಂದ್ಯದಲ್ಲೇ ಮೊಣಕಾಲಿಗೆ ಪೆಟ್ಟಾಗಿ ಅವರು ಹೊರಗೆ ಹೋದರು. ಉಳಿದ ಇಡೀ ಋತು ಅವರಿಗೆ ಆಡಲಾಗಲಿಲ್ಲ. ಅವರು ದೊಡ್ಡ ಆಟಗಾರರಾದ್ದರಿಂದ ಮರುವರ್ಷ ಇನ್ನೂ ದೊಡ್ಡ ಬೆಲೆ ಬಂತು. ಊರಿನ ಪಂದ್ಯಾಟದಲ್ಲಿ ಮಂಡಿಯ ಸ್ನಾಯು ಹರಿದುಕೊಂಡ ಹುಡುಗನಿಗೆ ಶಸ್ತ್ರಚಿಕಿತ್ಸೆಯ ಬಿಲ್ಲು ಕಟ್ಟುವವರು ಯಾರು ಎಂಬ ಪ್ರಶ್ನೆ ಬೇರೆಯೇ. ಮಗನನ್ನು ಪಂದ್ಯಾಟಕ್ಕೆ ಕಳಿಸುವ ಮೊದಲು ಕೇಳಬೇಕಾದ ಪ್ರಶ್ನೆಗಳಲ್ಲಿ ಅದು ಮೊದಲನೆಯದು.

ಎರಡು ನಾಯಕಿಯರು, ಒಂದು ಅಂಕ

ಇಷ್ಟೂ ಹೊತ್ತು ಮಾತು ಹುಡುಗರದ್ದಾಯಿತು. ಹುಡುಗಿಯರ ಲೆಕ್ಕ ಇನ್ನೂ ಬಿಗಿಯಾದದ್ದು.

ಕಾರ್ಕಳ ತಾಲೂಕಿನ ಹೆರ್ಮುಂಡೆಯ ಕೃಷಿಕ ಕುಟುಂಬದ ಮಮತಾ ಪೂಜಾರಿ ಅವರ ಹೆಸರು ಕರಾವಳಿಯ ಮಕ್ಕಳಿಗೆ ಹೊಸದಲ್ಲ. ಮಂಗಳೂರಿನಲ್ಲಿ ಕಾಲೇಜು ಓದಿದ ಈ ಹುಡುಗಿ ಭಾರತ ತಂಡದ ನಾಯಕಿಯಾದರು. 2010 ಮತ್ತು 2014ರ ಏಷ್ಯನ್ ಕ್ರೀಡಾಕೂಟಗಳಲ್ಲಿ ಚಿನ್ನ ಗೆದ್ದ ತಂಡದಲ್ಲಿದ್ದರು. 2014ರಲ್ಲಿ ಅರ್ಜುನ ಪ್ರಶಸ್ತಿ ಬಂತು. ಅನ್ನ ಹಾಕಿದ್ದು ದಕ್ಷಿಣ ಮಧ್ಯ ರೈಲ್ವೆಯ ನೌಕರಿ. ಬೆಂಗಳೂರಿನ ತೇಜಸ್ವಿನಿ ಬಾಯಿ ಅವರದೂ ಅದೇ ಎತ್ತರ. ಅವರಿಗೆ ಅರ್ಜುನ ಪ್ರಶಸ್ತಿ ಬಂದದ್ದು 2011ರಲ್ಲಿ.

2016ರಲ್ಲಿ ಪುರುಷರ ಲೀಗಿನ ಜತೆಗೇ ಮಹಿಳೆಯರ ಕಬಡ್ಡಿ ಚಾಲೆಂಜ್ ಎಂಬ ಪುಟ್ಟ ಲೀಗ್ ನಡೆಯಿತು. ಮೂರೇ ತಂಡ. ಫೈರ್ ಬರ್ಡ್ಸ್‌ಗೆ ಮಮತಾ ನಾಯಕಿ, ಸ್ಟಾರ್ಮ್ ಕ್ವೀನ್ಸ್‌ಗೆ ತೇಜಸ್ವಿನಿ ನಾಯಕಿ, ಐಸ್ ದೀವಾಸ್‌ಗೆ ಮಹಾರಾಷ್ಟ್ರದ ಅಭಿಲಾಷಾ ಮ್ಹಾತ್ರೆ. ಜುಲೈ 31ರಂದು ಹೈದರಾಬಾದಿನಲ್ಲಿ ಫೈನಲ್. ಎದುರಾದವರು ಕನ್ನಡನಾಡಿನ ಇಬ್ಬರು ನಾಯಕಿಯರು. ಪಂದ್ಯದ ಫಲಿತಾಂಶ 24-23. ಒಂದೇ ಅಂಕದಿಂದ ಸ್ಟಾರ್ಮ್ ಕ್ವೀನ್ಸ್ ಗೆದ್ದಿತು.

ಇಂಥ ಪಂದ್ಯ ನೋಡಿದವರು ಮುಂದಿನ ವರ್ಷಕ್ಕಾಗಿ ಕಾದರು. ಮುಂದಿನ ವರ್ಷ ಆ ಲೀಗ್ ನಡೆಯಲಿಲ್ಲ. ಪುರುಷರ ಲೀಗ್ 2017ರಲ್ಲಿ ಹನ್ನೆರಡು ತಂಡಗಳಿಗೆ ಬೆಳೆಯಿತು, ಮಹಿಳೆಯರದು ಒಂದೇ ತಿರುಗಾಟಕ್ಕೆ ಗೆಜ್ಜೆ ಬಿಚ್ಚಿತು. ಆಟ ಚೆನ್ನಾಗಿರಲಿಲ್ಲವೇ? ಇತ್ತು. 24-23ಕ್ಕಿಂತ ಚೆನ್ನಾದ ಫೈನಲ್ ಎಲ್ಲಿಂದ ತರುವುದು? ಸಿನ್ಸಿನಾಟಿಯವರ 57 ಗೆಲುವು ಅವರನ್ನು ಉಳಿಸಲಿಲ್ಲ. ಈ ಒಂದು ಅಂಕದ ರೋಚಕತೆಯೂ ಇವರನ್ನು ಉಳಿಸಲಿಲ್ಲ. ನಾಲ್ಕನೆಯ ಸ್ಥಾನ ಪಡೆದ ಬುಲ್ಸ್ ಉಳಿಯಿತು. ತಂಡ ಉಳಿಯುವುದು ಗೆಲುವಿನಿಂದಲ್ಲ, ಸೋತ ವರ್ಷವೂ ಸಂಬಳ ಕೊಡುವ ಶಕ್ತಿ ಮತ್ತು ಮನಸ್ಸು ಇರುವುದರಿಂದ. ಇದು ಆಟಗಾರನ ಕೈಯಲ್ಲಿಲ್ಲದ ಸಂಗತಿ. ಆದ್ದರಿಂದಲೇ ಆಟಗಾರ ತನ್ನ ಕೈಯಲ್ಲಿ ಇರುವುದನ್ನು ಗಟ್ಟಿ ಮಾಡಿಕೊಳ್ಳಬೇಕು.

ಕೈಯಲ್ಲಿ ಏನಿದೆ?

ಮೊದಲನೆಯದು ಓದು. ಆಟಕ್ಕೆ ಓದು ಅಡ್ಡಿ, ಓದಿಗೆ ಆಟ ಅಡ್ಡಿ ಎಂಬ ಮಾತು ಎರಡೂ ಕಡೆಯಿಂದ ಅರ್ಧ ಸತ್ಯ. ಮೂಡುಬಿದಿರೆಯ ಆಳ್ವಾಸ್‌ನಂಥ ಸಂಸ್ಥೆಗಳು ಕ್ರೀಡಾಪಟುಗಳನ್ನು ದತ್ತು ತೆಗೆದುಕೊಂಡು ಓದಿಸುತ್ತ ಬಂದಿವೆ. ವಿಶ್ವವಿದ್ಯಾನಿಲಯದ ತಂಡಕ್ಕೆ ಆಡಬೇಕಾದರೆ ಮೊದಲು ಕಾಲೇಜಿನಲ್ಲಿ ಹೆಸರಿರಬೇಕು. ರೈಲ್ವೆ, ಪೊಲೀಸ್, ಸೇನೆಗಳಲ್ಲಿ ಕ್ರೀಡಾ ಕೋಟಾದಡಿ ನೌಕರಿ ಸಿಗಬೇಕಾದರೂ ನಿಗದಿತ ತರಗತಿ ಪಾಸಾಗಿರಬೇಕು. ಟ್ರೋಫಿ ಹಿಡಿದು ನಿಂತ ಫೋಟೋ ಸಾಲದು, ಅಧಿಕೃತ ಕೂಟಗಳಲ್ಲಿ ಆಡಿದ ಪ್ರಮಾಣಪತ್ರ ಬೇಕು. ಹೊನಲು ಬೆಳಕಿನ ಹತ್ತು ಕಪ್ಪುಗಳಿಗಿಂತ ರಾಜ್ಯ ಮಟ್ಟದ ಶಾಲಾ ಕ್ರೀಡಾಕೂಟದ ಒಂದು ಕಾಗದ ಹೆಚ್ಚು ತೂಗುವ ದಿನ ಬರುತ್ತದೆ. ಆ ಕಾಗದವನ್ನು ಜೋಪಾನವಾಗಿ ಇಡುವ ಕೆಲಸವನ್ನು ಪಾಲಕರು ವಹಿಸಿಕೊಳ್ಳಬಹುದು.

ಎರಡನೆಯದು ಆಟದ ಸುತ್ತ ಇರುವ ಕಸುಬುಗಳು. ಕರ್ನಾಟಕದ ಬಿ.ಸಿ. ರಮೇಶ್ ಅವರನ್ನೇ ನೋಡಬಹುದು. ಆಟಗಾರರಾಗಿ 2001ರ ಅರ್ಜುನ ಪ್ರಶಸ್ತಿ, 2002ರ ಬೂಸಾನ್ ಏಷ್ಯನ್ ಕ್ರೀಡಾಕೂಟದ ಚಿನ್ನ. ಅವರು ಆಡುತ್ತಿದ್ದ ಕಾಲದಲ್ಲಿ ಲೀಗೂ ಇರಲಿಲ್ಲ, ಹರಾಜೂ ಇರಲಿಲ್ಲ. ಆದರೆ ಕಲಿಸುವ ವಿದ್ಯೆ ಕೈಯಲ್ಲಿತ್ತು. 2019ರಲ್ಲಿ ಬೆಂಗಾಲ್ ವಾರಿಯರ್ಸ್ ಕಪ್ ಗೆದ್ದಾಗ, 2024ರ ಮಾರ್ಚ್‌ನಲ್ಲಿ ಪುಣೇರಿ ಪಲ್ಟನ್ ಗೆದ್ದಾಗ ತರಬೇತುದಾರರು ಅವರೇ. ದೈಹಿಕ ಶಿಕ್ಷಣದ ಶಿಕ್ಷಕ, ತೀರ್ಪುಗಾರ, ಫಿಸಿಯೋ, ವೀಕ್ಷಕ ವಿವರಣೆಗಾರ ಇವೆಲ್ಲ ಇಂದು ಹೊಟ್ಟೆ ತುಂಬಿಸುವ ಕೆಲಸಗಳೇ. ಅಂಕಣದ ಒಳಗೆ ಏಳು ಮಂದಿಗೆ ಮಾತ್ರ ಜಾಗ, ಹೊರಗೆ ಇನ್ನೂ ಹಲವರಿಗೆ ಜಾಗ ಉಂಟು.

ಮೂರನೆಯದು ಅವಧಿ. ಹದಿನೈದರಿಂದ ಇಪ್ಪತ್ತೊಂದರ ನಡುವೆ ಹುಡುಗನೋ ಹುಡುಗಿಯೋ ಎಲ್ಲಿಯ ವರೆಗೆ ಏರಿದ್ದಾರೆ ಎಂಬುದನ್ನು ಮನೆಯವರು ಪ್ರೀತಿಯಿಂದಲೇ ಆದರೂ ಲೆಕ್ಕವಿಟ್ಟು ನೋಡಬೇಕು. ತಾಲೂಕು, ಜಿಲ್ಲೆ, ರಾಜ್ಯ ಎಂದು ಮೆಟ್ಟಿಲು ಏರುತ್ತಿದ್ದರೆ ಇನ್ನೆರಡು ವರ್ಷ ಬೆನ್ನಿಗೆ ನಿಲ್ಲಬೇಕು. ಒಂದೇ ಮೆಟ್ಟಿಲಲ್ಲಿ ನಿಂತಿದ್ದರೆ ಆಟವನ್ನು ಬಿಡಿಸಬೇಕಿಲ್ಲ, ಆಟ ಅನ್ನ ಹಾಕೀತು ಎಂಬ ಆಸೆಯನ್ನು ಮಾತ್ರ ಬೇರೆ ಕಡೆಗೆ ತಿರುಗಿಸಬೇಕು. ಸಂಜೆಯ ಆಟ ಆರೋಗ್ಯಕ್ಕೆ, ಗೆಳೆತನಕ್ಕೆ ಆಗ ಉಳಿಯುತ್ತದೆ. ಅದೂ ಕಡಿಮೆ ಲಾಭವಲ್ಲ. ಒಂದು ಡಾಲರ್ 39 ಸೆಂಟ್‌ಗಿಂತ ಹೆಚ್ಚಿನದೇ.

ಕುದ್ರೋಳಿಯ ಆ ಅಪ್ಪ ನಾಳೆಯೂ ಜಗಲಿಯಿಂದ ಮಗನನ್ನು ಕರೆಯುತ್ತಾರೆ. ಕರೆಯಲಿ, ಪರೀಕ್ಷೆ ಇರುವುದು ನಿಜ. ಆದರೆ ಒಂದು ದಿನ, ಪರೀಕ್ಷೆ ಇಲ್ಲದ ಒಂದು ಸಂಜೆ, ಜಗಲಿ ಇಳಿದು ಗೀಟಿನ ಬಳಿ ಹೋಗಿ ನಿಂತು ನೋಡಿದರೆ ಚೆನ್ನ. ಮಗ ಹಿಡಿಯುವವನೋ, ದಾಳಿ ಮಾಡುವವನೋ, ಬಿದ್ದವನನ್ನು ಎತ್ತುವವನೋ ಎಂಬುದು ಹತ್ತು ನಿಮಿಷದಲ್ಲಿ ತಿಳಿಯುತ್ತದೆ. "ಆಟ ಅನ್ನ ಹಾಕುತ್ತದಾ?" ಎಂಬ ಪ್ರಶ್ನೆಯನ್ನು ಮನೆಗೆ ಬಂದ ಮೇಲೆ, ಕಾಲು ತೊಳೆದು, ಅನ್ನದ ಬಟ್ಟಲಿನ ಮುಂದೆ ಕೂತು ಇಬ್ಬರೂ ಸೇರಿ ಲೆಕ್ಕ ಹಾಕಬಹುದು.